ಕಾಲುದಾರಿಗೆ ಯಾರ ಅಪ್ಪಣೆ?

ಶನಿವಾರ ಬೆಳಗಾದರೆ ಸಾಕು, ಕೊಟ್ಟಿಗೆಹಾರದ ಸರ್ಕಲ್ಲಿನಲ್ಲಿ ಬೆಂಗಳೂರು ಗಾಡಿಗಳ ಸಾಲು. ಇಳಿದವರು ನೀರುದೋಸೆ ತಿನ್ನುತ್ತಾರೆ, ಕಾಫಿ ಕುಡಿಯುತ್ತಾರೆ, ಆಮೇಲೆ ಫೋನು ತೆಗೆದು ನೋಡುತ್ತಾರೆ. ಮೊದಲಾಗಿದ್ದರೆ ಹೋಟೆಲಿನವರನ್ನೋ ಬಸ್ಸಿಗೆ ಕಾಯುತ್ತ ನಿಂತವರನ್ನೋ ದಾರಿ ಕೇಳಬೇಕಿತ್ತು. ಕೇಳಿದರೆ "ಆ ಕಡೆ ಹೋಗ್ಬೇಡಿ ಸ್ವಾಮಿ, ಅದು ತೋಟದೊಳಗಿನ ದಾರಿ, ಮುಂದೆ ಗೇಟು" ಅಂತ ಒಂದು ಮಾತು ಸಿಗುತ್ತಿತ್ತು. ಈಗ ಕೇಳುವ ಪಾಡಿಲ್ಲ. ಕಾಫಿ ತೋಟದ ನಡುವೆ ಹಾದು ಗುಡ್ಡದ ನೆತ್ತಿಗೆ ಹೋಗುವ ಒಂದು ಚುಕ್ಕಿಗೆರೆ ಫೋನಿನ ನಕ್ಷೆಯಲ್ಲೇ ಕಾಣುತ್ತದೆ. ಗೆರೆ ಇದೆ ಅಂದಮೇಲೆ ದಾರಿ ಇದೆ. ದಾರಿ ಇದೆ ಅಂದಮೇಲೆ ಹೋಗಬಹುದು. ಹೊರಟೇಬಿಟ್ಟರು.

ಆ ಗೆರೆ ಎಳೆದವರು ಯಾರು? ಸರಕಾರ ಎಳೆದದ್ದಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯೊಂದಿದೆ. ಹತ್ತು ಜನ ಸೇರಿ ಬರೆಯುವ ನಕ್ಷೆ. ಹೆಸರು ನೋಂದಾಯಿಸಿಕೊಂಡ ಯಾರು ಬೇಕಾದರೂ ತಾವು ನಡೆದ ದಾರಿಯನ್ನು ಅದಕ್ಕೆ ಸೇರಿಸಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು, ಅಳಿಸಲೂಬಹುದು. ಚಾರಣಕ್ಕೆ ಹೋಗುವವರ ಫೋನಿನಲ್ಲಿರುವ ಎಷ್ಟೋ ಆ್ಯಪುಗಳು ಈ ನಕ್ಷೆಯ ಸರಕನ್ನೇ ಎತ್ತಿಕೊಂಡು ತಮ್ಮ ಬಣ್ಣ ಬಳಿದು ತೋರಿಸುತ್ತವೆ. ನಕ್ಷೆ ಅಂದರೆ 1767ರಲ್ಲಿ ಹುಟ್ಟಿದ ಸರ್ವೆ ಆಫ್ ಇಂಡಿಯಾದ ಕೆಲಸ ಅಂತಲೇ ನಾವು ತಿಳಿದಿದ್ದೆವು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ನಿಯಮ ಸಡಿಲಿಸಿತು. ನಕ್ಷೆ ಮಾಡುವುದಕ್ಕೆ ಮೊದಲಿನ ಹಾಗೆ ಅಪ್ಪಣೆಗಾಗಿ ದಿಲ್ಲಿಯ ಬಾಗಿಲು ಕಾಯಬೇಕಿಲ್ಲ. ಒಳ್ಳೆಯದೇ ಆಯಿತು. ಆದರೆ ಸರಕಾರಿ ನಕ್ಷೆಗೆ ಒಬ್ಬ ಯಜಮಾನನಾದರೂ ಇದ್ದ, ಹೋಗಿ ಜಗಳ ಆಡಬಹುದಿತ್ತು. ಈ ನಕ್ಷೆಗೆ ಯಜಮಾನರು ಲಕ್ಷಾಂತರ ಜನ.

ಹೀಗಾಗಿ ಈಗ ಮೂರು ಕಡೆಯ ತಕರಾರು. ತೋಟದ ಮಾಲೀಕರು ತಮ್ಮ ಜಾಗದಲ್ಲಿರುವ ದಾರಿಯನ್ನು ನಕ್ಷೆಯಿಂದ ಕಿತ್ತುಹಾಕಿ ಅನ್ನುತ್ತಾರೆ. ಅರಣ್ಯ ಇಲಾಖೆಯವರು ಅನುಮತಿ ಇಲ್ಲದ ದಾರಿ ತೋರಿಸುವುದೇ ತಪ್ಪು ಅನ್ನುತ್ತಾರೆ. ಚಾರಣದವರು, ಕಣ್ಣಿಗೆ ಕಾಣುವ ದಾರಿಯನ್ನು ಬರೆದರೆ ಏನು ತಪ್ಪು ಅನ್ನುತ್ತಾರೆ. ಮೂವರ ಮಾತಿನಲ್ಲೂ ಅಷ್ಟಷ್ಟು ಹುರುಳಿದೆ. ಆದರೆ ದಿನಾ ಆ ದಾರಿಯಲ್ಲಿ ನಡೆಯುವವರನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ನಮ್ಮ ಮಾತು ಇಷ್ಟು. ದಾರಿಯನ್ನು ಅಳಿಸಬೇಡಿ. ಆದರೆ ಅದು ಎಂಥ ದಾರಿ, ಯಾರ ದಾರಿ, ಯಾರು ನಡೆಯಬಹುದು ಅನ್ನುವುದನ್ನು ಬರೆಯದೆ ಬಿಡಲೂ ಬೇಡಿ.

ಇದು ಹೊಸ ಜಾಣತನವೇನೂ ಅಲ್ಲ. ಮಲೆನಾಡಿನ ಮಾತಿನಲ್ಲೇ ಈ ವಿಂಗಡಣೆ ಇದೆ. ಬಂಡಿದಾರಿ ಬೇರೆ, ಕಾಲುದಾರಿ ಬೇರೆ. ತೋಟದ ಮಧ್ಯೆ ಹಾದುಹೋಗುವುದು ಒಳದಾರಿ. ರಸ್ತೆಯ ಸುತ್ತು ತಪ್ಪಿಸುವುದು ಅಡ್ಡದಾರಿ. ದನದ ದಾರಿಯಲ್ಲಿ ಮನುಷ್ಯ ನಡೆಯಬಹುದು, ಆದರೆ ಅದು ಊರಿಗೆ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಆನೆದಾರಿಯಲ್ಲಿ ಬುದ್ಧಿ ಇದ್ದವರು ಸಂಜೆಮೇಲೆ ಕಾಲಿಡುವುದಿಲ್ಲ. ನಾಟಾ ಸಾಗಿಸುವ ಕಳ್ಳದಾರಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇಷ್ಟೆಲ್ಲ ಬಗೆಯನ್ನು ಒಂದೇ ಚುಕ್ಕಿಗೆರೆಯಲ್ಲಿ ಎಳೆದುಬಿಟ್ಟರೆ ಹೊರಗಿನಿಂದ ಬಂದವರಿಗೆ ಏನು ತಿಳಿಯಬೇಕು?

ಆ ನಕ್ಷೆಯಲ್ಲೂ ವಿಂಗಡಿಸುವ ಅನುಕೂಲ ಇದೆ. ಗೆರೆಯ ಬೆನ್ನಿಗೆ ಚೀಟಿ ಅಂಟಿಸಿದ ಹಾಗೆ ಕೆಲವು ಗುರುತುಗಳನ್ನು ಬರೆಯಬಹುದು. ಒಂದು ಗುರುತಿಗೆ 'ಇನ್‌ಫಾರ್ಮಲ್' ಅಂತ ಹೆಸರು. ಯಾವ ಇಲಾಖೆಯೂ ಮಾಡಿಸದೆ, ಜನ ನಡೆದು ನಡೆದೇ ಆದ ದಾರಿ ಅಂತ ಅದರ ಅರ್ಥ. ಇನ್ನೊಂದು 'ಆಕ್ಸೆಸ್'. ಅಂದರೆ ಯಾರಿಗೆ ಪ್ರವೇಶ ಉಂಟು: ಎಲ್ಲರಿಗೋ, ಮಾಲೀಕರ ಒಪ್ಪಿಗೆ ಇರುವ ತನಕವೋ, ಪರ್ಮಿಟ್ ಇದ್ದವರಿಗೋ, ಖಾಸಗಿಯೋ, ಯಾರಿಗೂ ಇಲ್ಲವೋ. ನಡೆಯಲು ಎಷ್ಟು ಕಷ್ಟ ಅಂತ ಹೇಳುವುದಕ್ಕೆ ಸ್ವಿಟ್ಜರ್ಲೆಂಡಿನ ಪರ್ವತಾರೋಹಿಗಳ ಸಂಘದ ಆರು ಮೆಟ್ಟಿಲಿನ ಅಳತೆಯನ್ನೇ ತಂದಿಟ್ಟಿದ್ದಾರೆ. (ಅದರಲ್ಲಿ ಜಿಗಣೆಗೆ ಕಾಲಂ ಇಲ್ಲ. ಜುಲೈಯಲ್ಲಿ ಇಲ್ಲಿಗೆ ಬಂದಿದ್ದರೆ ಏಳನೆಯ ಮೆಟ್ಟಿಲು ಸೇರಿಸುತ್ತಿದ್ದರು.)

ಎಡವಟ್ಟು ಆಗುವುದು ಎಲ್ಲಿ ಅಂದರೆ, ಮೊದಲಿನ ಎರಡು ಗುರುತುಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಇಲಾಖೆ ಮಾಡಿಸದ ದಾರಿ ಅಂದರೆ ಕಾನೂನಿಗೆ ವಿರುದ್ಧವಾದ ದಾರಿ ಅಂತ ಅರ್ಥವಲ್ಲ. ಹಾಗೆ ನೋಡಿದರೆ ನಮ್ಮ ಸೀಮೆಯ ಮುಕ್ಕಾಲು ಪಾಲು ದಾರಿಗಳು ಇನ್‌ಫಾರ್ಮಲ್ಲೇ. ಬಲ್ಲಾಳರಾಯನ ದುರ್ಗದ ಕೆಳಗಿನ ಸುಂಕಸಾಲೆಯ ಹೆಸರನ್ನೇ ನೋಡಿ. ಹೆಸರಿನಲ್ಲೇ ಸುಂಕ ಇದೆ. ಘಟ್ಟದ ಕೆಳಗಿನಿಂದ ಉಪ್ಪು ಹೊತ್ತ ಹೇರೆತ್ತುಗಳು ಹತ್ತುತ್ತಿದ್ದ ಕಾಲದಲ್ಲಿ ಇಂಥ ದಾರಿಗಳನ್ನು ಯಾವ ಇಂಜಿನಿಯರು ಮಾಡಿಸಿದ್ದ? ಆಗ ಎತ್ತಿನ ಗೊರಸು ಮಾಡಿದ ದಾರಿಯಲ್ಲಿ ಈಗ ಮನುಷ್ಯನ ಪಾದ ನಡೆದರೆ ಅನಧಿಕೃತ!

ಅನಧಿಕೃತ ಅನ್ನುವ ಪದ ಬಂದಿದ್ದರಿಂದ ಒಂದು ಮಾತು. ಸರಕಾರಿ ಜಾಗಕ್ಕೆ ಬೇಲಿ ಹಾಕಿ ಕಾಫಿ ನೆಟ್ಟವರಿಗೆ 25 ಎಕರೆವರೆಗೆ 30 ವರ್ಷಕ್ಕೆ ಗುತ್ತಿಗೆ ಕೊಡುವ ಕಾನೂನು ಬಂದಿದೆ. ಕೊಡಲಿ, ಸಣ್ಣ ಬೆಳೆಗಾರರ ಕಷ್ಟ ನಮಗೂ ಗೊತ್ತು. ಆದರೆ ನೆಟ್ಟರೆ ಸಕ್ರಮ, ನಡೆದರೆ ಅಕ್ರಮ ಅಂದರೆ ಯಾವ ನ್ಯಾಯ? ಆ ಬೇಲಿಯೊಳಗೆ ಸೇರಿಹೋದ ಕಾಲುದಾರಿಗಳ ಲೆಕ್ಕವನ್ನು ಯಾರಾದರೂ ಇಟ್ಟಿದ್ದಾರೆಯೇ?

ಇನ್ನು ಈ ನಕ್ಷೆಯಲ್ಲಿ ಇರುವುದು ಯಾವ ದಾರಿ, ಇಲ್ಲದ್ದು ಯಾವ ದಾರಿ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. ಉಪಗ್ರಹ ತೆಗೆದ ಚಿತ್ರ ನೋಡಿಕೊಂಡು ಮನೆಯಲ್ಲಿ ಕೂತೇ ಗೆರೆ ಎಳೆಯುವವರು ಬಹಳ. ಗುಡ್ಡದ ನೆತ್ತಿಯ ಹುಲ್ಲುಗಾವಲಿನಲ್ಲಿ ಮರವಿಲ್ಲ, ಮೇಲಿನಿಂದ ನೋಡಿದರೆ ಪ್ರತಿಯೊಂದು ಜಾಡೂ ಬಿಳಿ ದಾರದ ಹಾಗೆ ಕಾಣುತ್ತದೆ. ಜೀಪಿನ ಜಾಡು, ದನದ ಜಾಡು, ಚಾರಣದವರ ಜಾಡು, ಎಲ್ಲವೂ. ಕೆಳಗೆ ತೋಟದಲ್ಲಿ ಹಾಗಲ್ಲ. ನಮ್ಮದು ನೆರಳಿನ ಕಾಫಿ. ಸಿಲ್ವರ್ ಓಕ್, ಹಲಸು, ಅತ್ತಿ, ನಂದಿಯ ಕೆಳಗೆ ನಡೆಯುವ ದಾರಿ ಆಕಾಶದಿಂದ ಕಾಣುವುದೇ ಇಲ್ಲ. ಫೋನು ಹಿಡಿದು ಒಬ್ಬರು ಅಲ್ಲಿ ನಡೆದರೆ ಮಾತ್ರ ಗೆರೆ ಬೀಳುತ್ತದೆ. ಹಾಗೆ ನಡೆದು ಗೆರೆ ಬರೆಯುವವರು ಯಾರು? ಶನಿವಾರ ಬಂದವರು.

ಲೈನ್ ಮನೆಯಿಂದ ರೇಷನ್ ಅಂಗಡಿಗೆ ಹೋಗುವ ದಾರಿ, ಮಗುವನ್ನು ಅಂಗನವಾಡಿಗೆ ಬಿಡುವ ದಾರಿ, ಹೈಸ್ಕೂಲಿನ ಹುಡುಗಿಯರು ಬಸ್ಸು ಹಿಡಿಯಲು ಹಳ್ಳ ದಾಟುವ ಕಾಲುಸಂಕ, ಅಸ್ಸಾಮಿನಿಂದ ಬಂದ ಆಳುಗಳು ಭಾನುವಾರ ಸಂತೆಗೆ ಇಳಿಯುವ ಒಳದಾರಿ ಇವೆಲ್ಲ ನೆರಳಿನ ಅಡಿಯ ದಾರಿಗಳು. ದಿನಾ ನೂರು ಕಾಲು ತುಳಿಯುವ ದಾರಿ ನಕ್ಷೆಯಲ್ಲಿಲ್ಲ. ವಾರಕ್ಕೊಮ್ಮೆ ಫೋಟೋ ತೆಗೆಯಲು ಹತ್ತುವ ದಾರಿ ಇದೆ. ಹೊರಗಿನವರಿಗೆ ಅನಧಿಕೃತ ದಾರಿ ಅಂದರೆ ಗುಡ್ಡ ಹತ್ತುವ ಮೋಜು. ನಮ್ಮ ಜನರಿಗೆ ಅದು ಒಂದು ಗಂಟೆಯ ನಡಿಗೆಯ ಪ್ರಶ್ನೆ. ರಸ್ತೆ ಹಿಡಿದು ಸುತ್ತಿ ಬಂದರೆ ಒಂದು ಗಂಟೆ ಜಾಸ್ತಿ. ಬೆಳಿಗ್ಗೆ ಒಂದು, ಸಂಜೆ ಒಂದು.

ಅದಕ್ಕೇ ಹೇಳುವುದು, ಶನಿವಾರದ ಗೆರೆಯ ಬಾಕಿಯನ್ನು ಸೋಮವಾರದವರು ತೀರಿಸಬೇಕಾಗುತ್ತದೆ ಅಂತ. ನಕ್ಷೆ ನೋಡಿ ನಾಲ್ಕು ಗುಂಪು ತೋಟಕ್ಕೆ ನುಗ್ಗಿತು, ಬಾಟಲಿ ಎಸೆಯಿತು, ಮೆಣಸಿನ ಬಳ್ಳಿ ಎಳೆಯಿತು ಅನ್ನಿ. ಮಾಲೀಕರು ಏನು ಮಾಡುತ್ತಾರೆ? ಉಣುಗೋಲು ತೆಗೆದು ಕಬ್ಬಿಣದ ಗೇಟು ಹಾಕಿ ಬೀಗ ಜಡಿಯುತ್ತಾರೆ. ಮಾಲೀಕರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಆದರೆ ಬೀಗಕ್ಕೆ ಪ್ರವಾಸಿ ಯಾರು, ಪಕ್ಕದ ಲೈನಿನ ಹೆಂಗಸು ಯಾರು ಅಂತ ಗೊತ್ತಾಗುವುದಿಲ್ಲ. ಪ್ರವಾಸಿ ಬೇರೆ ಗುಡ್ಡ ಹುಡುಕಿಕೊಳ್ಳುತ್ತಾನೆ. ಆ ಹೆಂಗಸು ಸುತ್ತಿಕೊಂಡು ನಡೆಯುತ್ತಾಳೆ.

ಕಾನೂನು ಏನು ಹೇಳುತ್ತದೆ? ನಮ್ಮ ಕಂದಾಯದ ಪುಸ್ತಕದಲ್ಲಿ ಕಾಲುದಾರಿಗೆ ಜಾಗ ಇದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಖರಾಬನ್ನು ಎರಡು ಮಾಡಿದ್ದಾರೆ. ಬೇಸಾಯಕ್ಕೆ ಬಾರದ ನೆಲ ಎ ಖರಾಬು. ರಸ್ತೆ, ಮಾನ್ಯವಾದ ಕಾಲುದಾರಿ, ಹತ್ತು ಜನ ಬಳಸುವ ಕೆರೆ ಹಳ್ಳ, ಸ್ಮಶಾನ ಇವೆಲ್ಲ ಬಿ ಖರಾಬು. ಬಿ ಖರಾಬು ಪಹಣಿಯಲ್ಲಿ ಯಾರ ಸರ್ವೆ ನಂಬರಿನ ಒಳಗೇ ಕಂಡರೂ ಅದು ಸಾರ್ವಜನಿಕರದ್ದು. 2023ರಲ್ಲಿ ಕಂದಾಯ ಇಲಾಖೆ ಸುತ್ತೋಲೆಯನ್ನೂ ಹೊರಡಿಸಿದೆ: ಗ್ರಾಮ ನಕ್ಷೆಯಲ್ಲಿರುವ ಕಾಲುದಾರಿ, ಬಂಡಿದಾರಿಗಳಿಗೆ ಯಾರಾದರೂ ಅಡ್ಡಿ ಮಾಡಿದರೆ ತಹಶೀಲ್ದಾರರು ತೆರವು ಮಾಡಿಸಬೇಕು ಅಂತ.

ಚೆನ್ನಾಗಿದೆ. ಆದರೆ ಗ್ರಾಮ ನಕ್ಷೆ ಮಾಡಿದ ದಿನ ಸರ್ವೆಯವರ ಕಣ್ಣಿಗೆ ಬಿದ್ದ ದಾರಿ ಮಾತ್ರ ಅದರಲ್ಲಿ ಸೇರಿತು. ಆಮೇಲೆ ಬಂದ ಲೈನು, ಶಾಲೆ, ಬಸ್ ಸ್ಟಾಪಿನ ದಾರಿಗಳು ಅದರಲ್ಲೆಲ್ಲಿ? 1882ರ ಈಸ್‌ಮೆಂಟ್ ಕಾಯಿದೆ ಇದೆಯಲ್ಲ ಅಂತ ವಕೀಲರು ಹೇಳಬಹುದು. ಅದರ ಪ್ರಕಾರ ತಡೆಯಿಲ್ಲದೆ, ಹಕ್ಕಿನ ಮೇಲೆ, 20 ವರ್ಷ ನಡೆದರೆ ದಾರಿ ಹಕ್ಕಾಗುತ್ತದೆ. ಸರಕಾರದ ಜಾಗವಾದರೆ 30 ವರ್ಷ. ಮಾಲೀಕರ ಒಪ್ಪಿಗೆ ಕೇಳಿ ನಡೆದರೆ ಎಷ್ಟು ವರ್ಷವಾದರೂ ಹಕ್ಕು ಹುಟ್ಟುವುದಿಲ್ಲ. ಅದಕ್ಕಿಂತ ಮುಖ್ಯ, ಅದು ಜಮೀನಿಗೆ ಅಂಟಿಕೊಂಡ ಹಕ್ಕು. ಲೈನ್ ಮನೆಯಲ್ಲಿ ಇರುವವರಿಗೆ ಜಮೀನೆಲ್ಲಿದೆ, ಅಂಟಿಕೊಳ್ಳುವುದಕ್ಕೆ?

ಜನರ ನಕ್ಷೆಯಲ್ಲಿ ಬರೆದರೆ ಹಕ್ಕು ಬಂದುಬಿಡುತ್ತದೆ ಅಂತ ಕೆಲವು ಮಾಲೀಕರಿಗೆ ಭಯ. ಹೆದರಬೇಕಾಗಿಲ್ಲ. ಬರುವುದಿಲ್ಲ. ಇಂಗ್ಲೆಂಡಿನ ಸರಕಾರಿ ಸರ್ವೆ ನಕ್ಷೆಯಲ್ಲೇ, ಇಲ್ಲಿ ದಾರಿ ತೋರಿಸಿದ ಮಾತ್ರಕ್ಕೆ ನಡೆಯುವ ಹಕ್ಕಿದೆ ಅಂತ ತಿಳಿಯಬಾರದು ಅಂತ ಅಚ್ಚು ಹಾಕಿರುತ್ತಾರೆ. ಹಕ್ಕಿನ ದಾರಿಗಳಿಗೆ ಅಲ್ಲಿ ಬೇರೆಯೇ ದಫ್ತರ. 1949ರ ಕಾಯಿದೆಯಂತೆ ಪ್ರತಿ ಜಿಲ್ಲೆಯವರೂ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಬೇಕಾಯಿತು. 2000ದಲ್ಲಿ ಇನ್ನೊಂದು ಕಾಯಿದೆ ಬಂದು, ಹಳೆಯ ದಾರಿಗಳು ದಾಖಲಾಗಲು 2026ರ ಜನವರಿ 1ರ ಗಡುವು ಹಾಕಿತು. ದಾಖಲಾಗದಿದ್ದರೆ ಹಕ್ಕು ಹೋಯಿತು ಅಂತ. ನಡೆಯುವವರ ಸಂಘಗಳು ಹಳೆಯ ನಕ್ಷೆ ಕೆದಕಿ ಅರ್ಜಿ ಹಾಕಿದವು, ಗದ್ದಲ ಮಾಡಿದವು. ಗಡುವು ಮುಂದಕ್ಕೆ ಹೋಯಿತು, ಕೊನೆಗೆ 2024ರ ಡಿಸೆಂಬರಿನಲ್ಲಿ ಗಡುವನ್ನೇ ತೆಗೆಯುತ್ತೇವೆ ಅಂತ ಅಲ್ಲಿನ ಸರಕಾರ ಹೇಳಬೇಕಾಯಿತು. ಕಾಲುದಾರಿಗಾಗಿ ಅಷ್ಟು ಗದ್ದಲ! ನಮ್ಮಲ್ಲಿ ಒಂದು ಅರ್ಜಿಯಾದರೂ ಬಿದ್ದಿದೆಯೇ ಅಂತ ತಾಲೂಕು ಕಚೇರಿಯವರೇ ಹೇಳಲಿ.

ಅಳಿಸಿದರೆ ಸರಿಹೋಗುತ್ತದೆ ಅನ್ನುವವರಿಗೆ ಇನ್ನೊಂದು ಉತ್ತರವೂ ಉಂಟು. ಇವತ್ತು ಅಳಿಸಿದಿರಿ. ನಾಳೆ ಪುಣೆಯಲ್ಲೋ ಬರ್ಲಿನ್ನಿನಲ್ಲೋ ಕೂತ ಒಬ್ಬ ಪುಣ್ಯಾತ್ಮ ಉಪಗ್ರಹದ ಚಿತ್ರ ನೋಡಿ, ಅಯ್ಯೋ ಇಲ್ಲೊಂದು ದಾರಿ ಬಿಟ್ಟುಹೋಗಿದೆ ಅಂತ ಮತ್ತೆ ಎಳೆಯುತ್ತಾನೆ. ಈ ಸಲ 'ಪ್ರವೇಶವಿಲ್ಲ' ಎಂಬ ಗುರುತೂ ಇರುವುದಿಲ್ಲ. ಗೆರೆ ಇಟ್ಟು ಗುರುತು ಬರೆದರೆ ಮುಂದಿನವರು ಓದಿ ಸುಮ್ಮನಾಗುತ್ತಾರೆ. ಮುಚ್ಚಿಹೋದ ದಾರಿಗೂ 'ಬಿಟ್ಟ ದಾರಿ' ಅಂತ ಬರೆಯುವ ವ್ಯವಸ್ಥೆ ಅದರಲ್ಲಿದೆ.

ಮತ್ತೆ, ಆಪತ್ತಿಗೆ ಬೇಕಾಗುವುದು ಇಂಥ ದಾರಿಯೇ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಜರಿದು ಘಟ್ಟದ ರಸ್ತೆ ತಿಂಗಳುಗಟ್ಟಲೆ ಬಂದಾದದ್ದು, ಮಲೆಮನೆ ಮಧುಗುಂಡಿಯ ಕಡೆ ಮನೆ ತೋಟಗಳ ಮೇಲೆ ಗುಡ್ಡ ಇಳಿದದ್ದು ಯಾರಿಗೂ ಮರೆತಿಲ್ಲ. ಡಾಂಬರು ರಸ್ತೆ ಹೋದ ಮೇಲೆ ಉಳಿಯುವುದು ಕಾಲುದಾರಿ. ಹೊರಗಿನಿಂದ ಬಂದ ರಕ್ಷಣಾ ಪಡೆಯವರಿಗೆ ಅದು ತಿಳಿಯುವುದಾದರೂ ಹೇಗೆ? 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಇದೇ ಓಪನ್ ಸ್ಟ್ರೀಟ್ ಮ್ಯಾಪಿನ ಸ್ವಯಂಸೇವಕರು ದೇಶದೇಶಗಳಲ್ಲಿ ಕೂತು ರಾಜಧಾನಿಯ ಗಲ್ಲಿಗಳನ್ನೆಲ್ಲ ಬರೆದುಕೊಟ್ಟರು, ಪರಿಹಾರಕ್ಕೆ ಹೋದವರು ಅದನ್ನೇ ಹಿಡಿದು ನಡೆದರು. ನಮ್ಮಲ್ಲಿ ಗುಡ್ಡ ಜರಿದ ಮೇಲೆ ಬರೆಯುವುದಕ್ಕಿಂತ ಮುಂಚೆಯೇ ಬರೆದಿಟ್ಟರೆ ನಷ್ಟವೇನು?

ಅರಣ್ಯ ಇಲಾಖೆಯ ಮಾತಿಗೆ ಬರೋಣ. ಅವರ ತಕರಾರಿಗೆ ಗಟ್ಟಿ ಕಾರಣ ಇದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯ ಹಾಗೆ ಜನ ನುಗ್ಗಿದ ಮೇಲೆ ಸರಕಾರ ಚಾರಣವನ್ನು ತಡೆದು, ಆಮೇಲೆ ಆನ್‌ಲೈನ್ ಬುಕಿಂಗ್ ಮಾಡಿ ಜನರ ಸಂಖ್ಯೆಗೆ ಮಿತಿ ಹಾಕಿತು. ಸರಿಯಾಗಿಯೇ ಮಾಡಿತು. ಮುಂಬಾಗಿಲಲ್ಲಿ ಟಿಕೇಟು ಕೇಳಿದರೆ ಹಿತ್ತಲ ದಾರಿ ಹುಡುಕುವವರು ಇದ್ದೇ ಇರುತ್ತಾರೆ, ಹಿತ್ತಲ ದಾರಿ ಫೋನಿನಲ್ಲಿದೆ. ಆದರೆ ಇಲಾಖೆಯವರು ಒಂದು ಮರೆಯುತ್ತಾರೆ. 1972ರ ವನ್ಯಜೀವಿ ಕಾಯಿದೆಯೇ, ಅಭಯಾರಣ್ಯದೊಳಗೆ ವಾಸದ ಅನುಮತಿ ಇದ್ದವರಿಗೆ, ಆಸ್ತಿಯ ಹಕ್ಕಿರುವವರಿಗೆ, ಅವರ ಆಶ್ರಿತರಿಗೆ ಓಡಾಟವನ್ನು ಒಪ್ಪಿದೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಗುವ ಮೊದಲೇ ಮಲೆಕುಡಿಯರು ಅಲ್ಲಿ ನಡೆದಾಡುತ್ತಿದ್ದರು. ಅದೇ ದಾರಿ ಅವರಿಗೆ ಮನೆಗೆ ಹೋಗುವ ದಾರಿ, ಪರ್ಮಿಟ್ ಇಲ್ಲದ ಚಾರಣದವನಿಗೆ ಅಪರಾಧ. ದಾರಿ ಒಂದೇ, ನಡೆಯುವವರ ಹಕ್ಕು ಎರಡು. ಇದನ್ನು ನಕ್ಷೆಯಲ್ಲಿ ಬರೆಯಬಹುದು: ಸ್ಥಳೀಯರಿಗೆ ಉಂಟು, ಉಳಿದವರಿಗೆ ಪರ್ಮಿಟ್. ಯಾವ ದಾರಿಗೆ ಯಾವ ಗುರುತು ಅಂತ ಪಟ್ಟಿ ಕೊಡಬೇಕಾದವರು ಇಲಾಖೆಯವರೇ. ಪಟ್ಟಿ ಕೊಡದೆ ನಕ್ಷೆಯವರನ್ನು ಬೈದರೆ ಪ್ರಯೋಜನವಿಲ್ಲ.

ಬರೆದರೆ ಜನ ಹೆಚ್ಚು ಬರುತ್ತಾರಲ್ಲ ಅನ್ನುವ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬರುತ್ತಾರೆ. ಕೆಲವು ಆ್ಯಪುಗಳಂತೂ ಗುರುತನ್ನೆಲ್ಲ ನುಂಗಿ ಬರೀ ಗೆರೆ ತೋರಿಸುತ್ತವೆ. ಆದ್ದರಿಂದ ಎಲ್ಲವನ್ನೂ ಬರೆದೇ ತೀರಬೇಕು ಅಂತ ನಾವು ಹಟ ಹಿಡಿಯುವುದಿಲ್ಲ. ಒಬ್ಬರ ಮನೆಯ ಹಿತ್ತಿಲಿಗೆ ಮಾತ್ರ ಹೋಗುವ ದಾರಿ, ದೇವರ ಬನದ ದಾರಿ ಇವನ್ನು ಆ ಊರಿನವರು ಬೇಡ ಅಂದರೆ ಬಿಟ್ಟುಬಿಡಿ. ಆನೆ ತುಳಿದ ಜಾಡನ್ನು ಮನುಷ್ಯನ ದಾರಿ ಅಂತ ಬರೆದವನಿಗೆ ಮಾತ್ರ ಕ್ಷಮೆಯಿಲ್ಲ. 2022ರ ನವೆಂಬರಿನಲ್ಲಿ ಹುಲ್ಲೇಮನೆ ಕುಂದೂರಿನಲ್ಲಿ ಕಾಡಾನೆ ಒಬ್ಬ ಹೆಣ್ಣುಮಗಳನ್ನು ಬಲಿ ತೆಗೆದುಕೊಂಡ ತಾಲೂಕು ಇದು.

ಕೆಲಸ ಕಷ್ಟದ್ದೇನಲ್ಲ. ಗ್ರಾಮ ನಕ್ಷೆ ಸರಕಾರದ ಭೂದಾಖಲೆಯ ತಾಣದಲ್ಲಿ ಸಿಗುತ್ತದೆ. ನಿಂತ ಜಾಗದ ಸರ್ವೆ ನಂಬರು ಹೇಳುವ ದಿಶಾಂಕ್ ಆ್ಯಪು ಇದೆ. ಬಣಕಲ್, ಬಾಳೂರು, ಜಾವಳಿಯ ಕಡೆ ಕಾಲೇಜು ಮುಗಿಸಿ ಊರಿನಲ್ಲೇ ಇರುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಪಂಚಾಯಿತಿಯವರು ಗ್ರಾಮ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಗ್ರಾಮಸಭೆಯ ಗೋಡೆಗೆ ಅಂಟಿಸಲಿ. ಬಂದವರು, ಅದರಲ್ಲೂ ಸಭೆಗೆ ಯಾವತ್ತೂ ಕರೆಯದ ಲೈನಿನವರು, ತಾವು ನಡೆಯುವ ದಾರಿಯನ್ನು ಪೆನ್ಸಿಲಿನಲ್ಲಿ ಎಳೆಯಲಿ. ತೋಟದವರೂ ಬಂದು ಇದು ಒಪ್ಪಿಗೆಯ ದಾರಿ, ಇದು ಆಳುಗಳಿಗೆ ಮಾತ್ರ, ಇದು ಬೇಡ ಅಂತ ಎದುರಿಗೇ ಹೇಳಲಿ. ಜಗಳ ಆಗುತ್ತದೆ, ಆಗಲಿ. ನಿರ್ಣಯ ಬರೆದು ತಹಶೀಲ್ದಾರರಿಗೆ ಒಂದು ಪ್ರತಿ, ವಲಯ ಅರಣ್ಯಾಧಿಕಾರಿಗೆ ಒಂದು ಪ್ರತಿ ಕಳಿಸಲಿ. ಅದರ ಮೇಲೆ ಆ ಹುಡುಗರೇ ಫೋನು ಹಿಡಿದು ನಡೆದು ಜನರ ನಕ್ಷೆಗೆ ಸೇರಿಸಲಿ, ಶನಿವಾರದವರು ಬರೆದದ್ದನ್ನು ತಿದ್ದಲಿ.

ದಾರಿಯ ಬಾಯಿಗೊಂದು ಬೋರ್ಡು ಕೂಡ ಬೇಕು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ನೆಲದ ಮೇಲೆ ಇರುವುದನ್ನೇ ಬರೆಯಬೇಕು ಅನ್ನುವುದು ಆ ನಕ್ಷೆಯವರ ಮೊದಲ ನಿಯಮ. ಬೋರ್ಡು ನೆಲದ ಮೇಲಿದ್ದರೆ ಅದರ ಮಾತು ನಕ್ಷೆಗೂ ಹೋಗುತ್ತದೆ. ಕಬ್ಬಿಣದ ಗೇಟಿಗಿಂತ ಬೋರ್ಡು ಅಗ್ಗ.

ಇದನ್ನೆಲ್ಲ ಮೇ ತಿಂಗಳ ಒಳಗೆ ಮುಗಿಸಬೇಕು. ಜೂನ್ ಬಂದರೆ ಅರ್ಧ ದಾರಿ ನೀರಿನಡಿ, ಇನ್ನರ್ಧ ಲಂಟಾನದ ಅಡಿ. ಕಾಲುಸಂಕ ಎಲ್ಲೆಲ್ಲಿ ಮುರಿದಿದೆ ಅನ್ನುವುದನ್ನೂ ಅದೇ ಪೆನ್ಸಿಲಿನಲ್ಲಿ ಗುರುತು ಹಾಕಿಬಿಟ್ಟರೆ, ಶಾಲೆ ಶುರುವಾಗುವ ಮೊದಲು ನಾಲ್ಕು ಅಡಿಕೆ ಮರ ಕಡಿದು ಹಾಕಿಸಬಹುದು.